ಅಪ್ಪನ ನಾಣ್ಯ ಹಂಗೇರಿಯಲ್ಲಿ, ಮಗನ ನಾಣ್ಯ ಅಮೆರಿಕದಲ್ಲಿ

ನಾಣ್ಯದ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ ನೋಡಿದ ಬೆಳ್ಳಿಯ ನಿಧಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಗಳು ಸ್ಟಾಕ್‌ಹೋಮ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಮೂರು ಗಂಟೆಗೂ ಜಾಸ್ತಿ ಹೊತ್ತು ಹಡಗಿನಲ್ಲಿ ಕೂತು ಆ ದ್ವೀಪಕ್ಕೆ ಹೋಗಿಬಂದೆವು. ಆ ನಾಲ್ಕು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳ, ಅಂದರೆ ವೈಕಿಂಗರು ಎಂಬ ಹಳೆಯ ಕಡಲ ಸಂಚಾರಿಗಳ ನಾಡಿನ, ಹಳೆಯ ನಾಣ್ಯಗಳ ಬಗ್ಗೆ ಓದುಗರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಅದಕ್ಕೇ ಈ ಸಲದ ಪೂರಾ ಜಾಗ ಅವಕ್ಕೇ ಬಿಟ್ಟಿದ್ದೇನೆ.

ಮೇಡಂ, ಅಮೆರಿಕದ ಮೇಯ್ನ್ ರಾಜ್ಯದಲ್ಲಿ ನಾರ್ವೆಯ ಹಳೆಯ ಬೆಳ್ಳಿ ನಾಣ್ಯ ಸಿಕ್ಕಿದೆ ಎಂದು ಮಗ ಮೊಬೈಲಿನಲ್ಲಿ ತೋರಿಸಿದ. ಹಾಗಾದರೆ ಕೊಲಂಬಸ್‌ಗಿಂತ ಮೊದಲೇ ವೈಕಿಂಗರು ಅಲ್ಲಿ ವ್ಯಾಪಾರ ಮಾಡುತ್ತಿದ್ದರು ಎಂದು ಹೇಳಬಹುದಾ?
— ನಿವೃತ್ತ ಶಿಕ್ಷಕರು, ಹಾಸನ

ಸರ್, ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಕೊಲಂಬಸ್‌ಗಿಂತ ಮೊದಲು ಅವರು ಅಮೆರಿಕ ಖಂಡಕ್ಕೆ ಹೋಗಿದ್ದರಾ? ಹೋಗಿದ್ದರು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರ ತುದಿಯಲ್ಲಿ ಲಾನ್ಸ್ ಓ ಮೆಡೋಸ್ ಅನ್ನೋ ಜಾಗ ಇದೆ. 1960ರಲ್ಲಿ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ಅಲ್ಲಿ ಹಳೆಯ ಮನೆಗಳ ಪಾಯ ಗುರುತಿಸಿದರು. ಅವರ ಹೆಂಡತಿ ಆನ್ನೆ ಸ್ಟೀನೆ ಮುಂದೆ ನಿಂತು ಅಗೆಸಿದರು. ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಕಡಿದ ವರ್ಷ 1021 ಎಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಲೆಕ್ಕ ಹಾಕಿದ ಬಗೆ ಚೆಂದ ಇದೆ. 993ರಲ್ಲಿ ಸೂರ್ಯನಲ್ಲಿ ಎದ್ದ ದೊಡ್ಡ ಬಿರುಗಾಳಿಯ ಗುರುತು, ಮರದೊಳಗೆ ವರ್ಷಕ್ಕೊಂದರಂತೆ ಮೂಡುವ ಬಳೆಗಳಲ್ಲಿ ಒಂದರಲ್ಲಿ ಉಳಿದಿತ್ತು. ಅಲ್ಲಿಂದ ತೊಗಟೆಯವರೆಗೆ ಬಳೆ ಎಣಿಸಿದರು. ಇಪ್ಪತ್ತೆಂಟು ಬಂತು. ಆದರೆ ಅಲ್ಲಿ ಒಂದೇ ಒಂದು ನಾಣ್ಯ ಸಿಕ್ಕಿಲ್ಲ. ಅಂದರೆ ಅವರು ಬಂದಿದ್ದರು ಅನ್ನೋದಕ್ಕೆ ನಾಣ್ಯದ ಸಾಕ್ಷಿಯೇ ಬೇಕಾಗಿಲ್ಲ.

ಎರಡನೆಯದು, ನಿಮ್ಮ ಮಗ ತೋರಿಸಿದ ನಾಣ್ಯ ವ್ಯಾಪಾರಕ್ಕೆ ಸಾಕ್ಷಿಯಾ? ಇದಕ್ಕೆ ಉತ್ತರ ಹೇಳುವ ಮೊದಲು ಒಂದು ಮಾತು ಹೇಳಬೇಕು.

ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂತವಳು. ಮಲೆನಾಡಿನ ಒಂದು ಶಾಖೆಯಲ್ಲಿದ್ದಾಗ ವರ್ಷಕ್ಕೆ ಎರಡು ಸಲ ದೇವಸ್ಥಾನದ ಹುಂಡಿ ಎಣಿಸಲು ಕರೆಯುತ್ತಿದ್ದರು. ಜಮಖಾನೆ ಹಾಸಿ, ಅದರ ಮೇಲೆ ಹುಂಡಿ ಸುರಿದು, ಸುತ್ತ ಕೂತು ಎಣಿಸುವುದು. ನೋಟು ಒಂದು ಕಡೆ, ಚಿಲ್ಲರೆ ಒಂದು ಕಡೆ. ಪ್ರತಿ ಸಲವೂ ಆ ರಾಶಿಯಲ್ಲಿ ಒಂದೆರಡು ದುಬೈ ದಿರ್ಹಮ್ ಸಿಗುತ್ತಿದ್ದವು. ಒಮ್ಮೆ ಮಲೇಷ್ಯಾದ ನಾಣ್ಯವೂ ಸಿಕ್ಕಿತು. ಅರಬ್ಬರು ಬಂದು ಹರಕೆ ಹಾಕಿ ಹೋದರು ಎಂದು ನಾವ್ಯಾರೂ ಅಂದುಕೊಳ್ಳಲಿಲ್ಲ. ಊರಿನ ಹುಡುಗ ಯಾರೋ ಅಲ್ಲಿ ಕೆಲಸಕ್ಕಿದ್ದಾನೆ. ಅವನೇ ಹಾಕಿರಬಹುದು, ಅವನ ತಾಯಿ ಹಾಕಿರಬಹುದು, ಅವನು ಆಟಕ್ಕೆ ಕೊಟ್ಟಿದ್ದನ್ನು ಪಕ್ಕದ ಮನೆಯ ಮಗು ಹಾಕಿರಬಹುದು. ತಾನು ಎಲ್ಲಿ, ಯಾವಾಗ ಹುಟ್ಟಿದೆ ಎಂದು ನಾಣ್ಯ ತಾನೇ ಹೇಳುತ್ತದೆ. ಯಾರ ಕೈಯಲ್ಲಿ ಬಂತು ಎಂದು ಹೇಳುವುದಿಲ್ಲ. ಅದನ್ನು ಸುತ್ತಮುತ್ತ ಸಿಕ್ಕಿದ ವಸ್ತುಗಳನ್ನೇ ಕೇಳಬೇಕು.

ಈಗ ಮೇಯ್ನ್‌ಗೆ ಹೋಗೋಣ. ಪೆನಾಬ್‌ಸ್ಕಾಟ್ ಕೊಲ್ಲಿಯ ದಡದಲ್ಲಿ ನಾಸ್ಕೆಗ್ ಪಾಯಿಂಟ್ ಎಂಬ ಭೂಶಿರ. ಅಲ್ಲಿ ಮೂಲನಿವಾಸಿಗಳ ಒಂದು ಹಳೆಯ ಬೀಡು ಇತ್ತು. ಗಾಡರ್ಡ್ ನೆಲೆ ಎಂದು ಅದರ ಹೆಸರು. 1957ರ ಆಗಸ್ಟ್‌ನಲ್ಲಿ ಗೈ ಮೆಲ್‌ಗ್ರೆನ್ ಎಂಬ ಹವ್ಯಾಸಿ ಅಲ್ಲಿ ಅಗೆಯುವಾಗ ಚಿಕ್ಕ ಬೆಳ್ಳಿ ನಾಣ್ಯ ಸಿಕ್ಕಿತು. ಇಂಗ್ಲೆಂಡಿನ 12ನೇ ಶತಮಾನದ ನಾಣ್ಯ ಎಂದು ಮೊದಲು ಗುರುತಿಸಿದರು. ಹಾಗೇ ಇಪ್ಪತ್ತು ವರ್ಷ ಕಳೆಯಿತು. 1974ರಲ್ಲಿ ಅದು ಮೇಯ್ನ್ ರಾಜ್ಯದ ಮ್ಯೂಸಿಯಂ ಸೇರಿತು. 1978ರಲ್ಲಿ ಲಂಡನ್ನಿನ ನಾಣ್ಯ ತಜ್ಞ ಪೀಟರ್ ಸೀಬಿ ಅದರ ಚಿತ್ರ ನೋಡಿ, ಇದು ಇಂಗ್ಲೆಂಡಿನದಲ್ಲ, ನಾರ್ವೆಯದು ಎಂದರು. ಆಮೇಲೆ ಓಸ್ಲೋ ವಿಶ್ವವಿದ್ಯಾಲಯದ ಕೋಲ್‌ಬ್ಯೋರ್ನ್ ಸ್ಕೋರೆ ಅದನ್ನು ಪರೀಕ್ಷಿಸಿ, 1065 ಮತ್ತು 1080ರ ನಡುವೆ ಟಂಕಿಸಿದ್ದು ಎಂದು ಹೇಳಿದರು. ಆಗ ನಾರ್ವೆಯ ಸಿಂಹಾಸನದಲ್ಲಿದ್ದವನು ಓಲಾಫ್ ಕಿರ್ರೆ. 1067ರಿಂದ 1093ರವರೆಗೆ ಆಳಿದ ರಾಜ.

ಆ ಬೀಡಿನಲ್ಲಿ ಜನ ಇದ್ದ ಕಾಲ ಸುಮಾರು 1180ರಿಂದ 1235 ಎಂದು ಲೆಕ್ಕ ಹಾಕಿದ್ದಾರೆ. ಅಂದರೆ ನಾಣ್ಯ ಹುಟ್ಟಿದ ನೂರು ವರ್ಷದ ಮೇಲೆ! ಅಲ್ಲಿ ಸಾವಿರಾರು ವಸ್ತುಗಳು ಸಿಕ್ಕಿವೆ. ನಾಣ್ಯ ಬಿಟ್ಟರೆ ಯುರೋಪಿನದು ಬೇರೆ ಏನೂ ಇಲ್ಲ. ಮನೆಯ ಪಾಯ ಇಲ್ಲ, ಹಡಗಿನ ಮೊಳೆ ಇಲ್ಲ. ಆದರೆ ದೂರದ ಉತ್ತರದಿಂದ ಬಂದ ಕಲ್ಲು ಬೇಕಾದಷ್ಟಿದೆ. ಕೆನಡಾದ ಲ್ಯಾಬ್ರಡಾರ್ ಕರಾವಳಿಯ ಮೇಲ್ಭಾಗದಲ್ಲಿ ಮಾತ್ರ ಸಿಗುವ ರಾಮಾ ಚರ್ಟ್ ಎಂಬ ಕಲ್ಲು ಅದು. ಹೆಚ್ಚುಕಡಿಮೆ ಗಾಜಿನ ಹಾಗೆ ಬೆಳಕು ಬಿಡುತ್ತದೆ. ಆ ಕಲ್ಲಿನ ಬಾಣದ ಮೊನೆಗಳು ಅಲ್ಲಿ ಸಿಕ್ಕಿವೆ. ಆರ್ಕ್ಟಿಕ್ ಕಡೆಯ ಡಾರ್ಸೆಟ್ ಜನ ಮಾಡಿದ ಒಂದು ಉಪಕರಣವೂ ಸಿಕ್ಕಿದೆ. ಈಗ ದಾರಿ ಕಾಣಿಸಿತಲ್ವಾ? ಲ್ಯಾಬ್ರಡಾರ್‌ನಿಂದ ಮೇಯ್ನ್‌ವರೆಗೆ ಮೂಲನಿವಾಸಿಗಳದೇ ಒಂದು ಕೊಡುಕೊಳ್ಳುವ ದಾರಿ ಇತ್ತು. ಅದೇ ದಾರಿಯಲ್ಲಿ, ಕೈಯಿಂದ ಕೈಗೆ, ಈ ನಾಣ್ಯವೂ ಇಳಿದು ಬಂದಿರಬೇಕು.

ಲ್ಯಾಬ್ರಡಾರ್‌ವರೆಗೆ ತಂದವರು ಯಾರು? ಗ್ರೀನ್‌ಲ್ಯಾಂಡಿನಲ್ಲಿ ನೆಲೆಸಿದ್ದ ನಾರ್ಸ್ ಜನ, ಅಂದರೆ ವೈಕಿಂಗರ ಕಡೆಯವರೇ. ಅಲ್ಲಿ ದೊಡ್ಡ ಮರ ಇರಲಿಲ್ಲ. ಮರಕ್ಕಾಗಿ ಅವರು ಮಾರ್ಕ್‌ಲ್ಯಾಂಡ್ ಎಂದು ಕರೆಯುತ್ತಿದ್ದ ಕಾಡಿನ ತೀರಕ್ಕೆ ಹೋಗುತ್ತಿದ್ದರು. ಅದೇ ಲ್ಯಾಬ್ರಡಾರ್ ಎಂದು ವಿದ್ವಾಂಸರು ಹೇಳುತ್ತಾರೆ. 1347ರಲ್ಲಿ ಕೂಡ ಮಾರ್ಕ್‌ಲ್ಯಾಂಡಿಗೆ ಹೋಗಿದ್ದ ಗ್ರೀನ್‌ಲ್ಯಾಂಡಿನ ಹಡಗೊಂದು ದಾರಿ ತಪ್ಪಿ ಐಸ್‌ಲ್ಯಾಂಡಿಗೆ ಬಂತು ಎಂದು ಅಲ್ಲಿನ ವಾರ್ಷಿಕ ದಾಖಲೆಯಲ್ಲಿದೆ. ಕೊಲಂಬಸ್ ಹೊರಡುವುದಕ್ಕೆ ಇನ್ನೂ 145 ವರ್ಷ ಇತ್ತು.

ನನಗೆ ಬಹಳ ಇಷ್ಟವಾದ ವಿವರ ಬೇರೆಯೇ. ಆ ನಾಣ್ಯದ ಅಂಚಿನಲ್ಲಿ ತೂತು ಇತ್ತಂತೆ. ಆ ಭಾಗ ಆಮೇಲೆ ಪುಡಿಯಾಗಿ ಉದುರಿದೆ. ತೂತು ಯಾಕೆ ಎಂದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಅಜ್ಜಿಯ ಕಾಸಿನ ಸರದಲ್ಲಿ ಇದ್ದವೂ ಒಂದು ಕಾಲದ ನಾಣ್ಯಗಳೇ. ಕೊರಳಿಗೆ ಹಾಕಿಕೊಂಡ ಮೇಲೆ ಅದು ದುಡ್ಡಲ್ಲ, ಒಡವೆ. ಆ ಬೀಡಿನ ಜನಕ್ಕೆ ನಾರ್ವೆಯ ರಾಜ ಯಾರೆಂದು ಗೊತ್ತಿರಲಿಲ್ಲ. ಹೊಳೆಯುವ, ಅಪರೂಪದ, ದೂರದಿಂದ ಬಂದ ವಸ್ತು ಅದು, ಅಷ್ಟೆ. ಹಾಗಾಗಿ ಇದು ವ್ಯಾಪಾರದ ಸಾಕ್ಷಿ ಹೌದು. ಆದರೆ ವೈಕಿಂಗರು ಮೇಯ್ನ್‌ಗೆ ಬಂದು ಅಂಗಡಿ ಇಟ್ಟರು ಅನ್ನೋದಕ್ಕಲ್ಲ. ಮೂಲನಿವಾಸಿಗಳ ವ್ಯಾಪಾರ ಎಷ್ಟು ದೂರ ಚಾಚಿತ್ತು ಅನ್ನೋದಕ್ಕೆ ಸಾಕ್ಷಿ. ಪತ್ರಿಕೆಗಳು ಇದನ್ನು ವೈಕಿಂಗರ ಕಥೆ ಮಾಡಿ ಬರೆಯುವಾಗ ಆ ಜನರ ಹೆಸರೇ ಬಿಟ್ಟುಬಿಡುತ್ತವೆ. ನನಗೆ ಅದು ಸರಿ ಕಾಣುವುದಿಲ್ಲ. ಇಂದಿನ ಪೆನಾಬ್‌ಸ್ಕಾಟ್ ಜನರ ಪೂರ್ವಿಕರು ಅವರು.

ಇನ್ನೊಂದನ್ನೂ ಹೇಳಬೇಕು. ಈ ನಾಣ್ಯ ಯಾರೋ ತಂದು ಹೂತಿಟ್ಟದ್ದು ಎಂಬ ಅನುಮಾನ ಇದೆ. ಅದು ಸಿಕ್ಕಿದ ಕಾಲದಲ್ಲಿ ಇಂಥ ನಾಣ್ಯ ಸಂಗ್ರಹಕಾರರಿಗೆ ಕೊಳ್ಳಲು ಸಿಗುತ್ತಿತ್ತು ಎಂದು ಎಡ್ಮಂಡ್ ಕಾರ್ಪೆಂಟರ್ ಎಂಬ ಮಾನವಶಾಸ್ತ್ರಜ್ಞರು ವಾದಿಸಿದರು. 2017ರಲ್ಲಿ ಓಸ್ಲೋದ ನಾಣ್ಯ ತಜ್ಞ ಸ್ವೇನ್ ಗುಲ್‌ಬೆಕ್ ಎಲ್ಲವನ್ನೂ ಮತ್ತೆ ಪರಿಶೀಲಿಸಿ, ಅದು ನಿಜವಾಗಿ ನೆಲದಲ್ಲಿ ಸಿಕ್ಕಿದ್ದೇ ಇರಬೇಕು ಎಂಬ ಕಡೆಗೆ ಬಂದರು. ನನ್ನ ಮನಸ್ಸೂ ಅದೇ ಕಡೆಗಿದೆ. ಖೋಟಾ ನೋಟು ಕೊಡಲು ಬಂದವರನ್ನು ಕೌಂಟರಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ನೋಟು ನಮ್ಮ ಕೈಗೆ ಬಂದ ಕೂಡಲೇ ಅವರ ಕಣ್ಣು ನಮ್ಮ ಮುಖದ ಮೇಲಿರುತ್ತದೆ. ಮೋಸ ಮಾಡುವವನಿಗೆ ಫಲ ಬೇಗ ಬೇಕು. ಇಲ್ಲಿ ಇಪ್ಪತ್ತು ವರ್ಷ ಅದನ್ನು ಇಂಗ್ಲೆಂಡಿನ ನಾಣ್ಯ ಎಂದುಕೊಂಡೇ ಇಟ್ಟಿದ್ದರು. ವೈಕಿಂಗ್ ನಾಣ್ಯ ಎಂದು ಸದ್ದು ಮಾಡಬೇಕಿದ್ದವರು ಅಷ್ಟು ವರ್ಷ ಸುಮ್ನೆ ಕೂರುತ್ತಾರಾ?

ಹಂಗೇರಿಯಲ್ಲೂ ಒಂದು ವೈಕಿಂಗ್ ನಾಣ್ಯ ಸಿಕ್ಕಿತಂತೆ. ಅಲ್ಲಿ ಸಮುದ್ರವೇ ಇಲ್ಲವಲ್ಲ ಮೇಡಂ! ಅದು ಹೇಗೆ ಹೋಯಿತು?
— ಗೃಹಿಣಿ, ಹುಬ್ಬಳ್ಳಿ

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಯಾಕೆಂದರೆ ಆ ನಾಣ್ಯವನ್ನು ಹೊರಡಿಸಿದ ರಾಜ ಹಾರಾಲ್ಡ್ ಹಾರ್ಡ್‌ರಾಡಾ, ಮೇಲೆ ಹೇಳಿದ ಓಲಾಫ್ ಕಿರ್ರೆಯ ಅಪ್ಪ. ಅಪ್ಪನ ನಾಣ್ಯ ಹಂಗೇರಿಯ ಹೊಲದಲ್ಲಿ, ಮಗನ ನಾಣ್ಯ ಅಮೆರಿಕದ ಕಡಲ ದಡದಲ್ಲಿ.

ಕೆಲವು ವರ್ಷಗಳ ಹಿಂದೆ ದಕ್ಷಿಣ ಹಂಗೇರಿಯ ವಾರ್‌ಡೋಂಬ್ ಹಳ್ಳಿಯ ಹತ್ತಿರ ಲೋಹಶೋಧಕ ಹಿಡಿದು ಓಡಾಡುತ್ತಿದ್ದವರಿಗೆ ಅದು ಸಿಕ್ಕಿತು. ಸಿಕ್ಕಿದ ಕೂಡಲೇ ಅವರು ಮ್ಯೂಸಿಯಂಗೆ ಒಪ್ಪಿಸಿದರು. ಮಧ್ಯಯುಗದಲ್ಲಿ ಅಲ್ಲಿ ಕೆಸ್ಟೋಲ್ಟ್ಸ್ ಎಂಬ ದೊಡ್ಡ ಊರಿತ್ತು. ನಾಣ್ಯದ ಒಂದು ಮುಖದಲ್ಲಿ ಮೂರು ಎಸಳು ಹೆಣೆದುಕೊಂಡ ಚಿತ್ರ. ನಮ್ಮ ರಂಗೋಲಿಯ ಎಳೆಯ ಹಾಗೆ ಕಾಣುತ್ತದೆ. ಇನ್ನೊಂದು ಮುಖದಲ್ಲಿ ಜೋಡಿ ಗೆರೆಯ ಶಿಲುಬೆ. 1046 ಮತ್ತು 1066ರ ನಡುವೆ ನಾರ್ವೆಯಲ್ಲಿ ಹೊಡೆದ ನಾಣ್ಯ. ಆ ಕಾಲದಲ್ಲಿ ಒಂದು ಮನೆಯವರ ಒಂದು ದಿನದ ಊಟಕ್ಕೆ ಆಗುವಷ್ಟು ಬೆಲೆ ಇದ್ದಿರಬಹುದು ಎಂದು ಅದನ್ನು ನೋಡಿದ ಪುರಾತತ್ವಜ್ಞ ಮಾತೆ ವರ್ಗಾ ಹೇಳಿದ್ದಾರೆ.

ಹೇಗೆ ಹೋಯಿತು ಅನ್ನೋದಕ್ಕೆ ಎರಡು ದಾರಿ ಹೇಳುತ್ತಾರೆ. ಒಂದು, ಊರು ದೊಡ್ಡ ವ್ಯಾಪಾರದ ದಾರಿಯಲ್ಲಿತ್ತು. ವರ್ತಕರ ಚೀಲದಿಂದ ಬಿದ್ದಿರಬಹುದು. ಎರಡನೆಯದು ಮದುವೆ ಸಂಬಂಧದ ಕಥೆ. ಕೀವ್‌ನಲ್ಲಿ ಯಾರೊಸ್ಲಾವ್ ಎಂಬ ದೊರೆ ಇದ್ದ. ಅವನ ಮಗಳು ಎಲಿಸಾವೆತಾಳನ್ನು ಹಾರಾಲ್ಡ್ ಮದುವೆಯಾದ. ಇನ್ನೊಬ್ಬ ಮಗಳು ಅನಸ್ತಾಸಿಯಾ ಹಂಗೇರಿಯ ರಾಣಿ. ಮತ್ತೊಬ್ಬಳು ಆನ್ನಾ, ಫ್ರಾನ್ಸಿನ ರಾಣಿ. ಅನಸ್ತಾಸಿಯಾಳ ಮಗ ಶಾಲಮೋನ್ ಹಂಗೇರಿಯ ರಾಜನಾದ. ಅವನು 1074ರಲ್ಲಿ ಕೆಸ್ಟೋಲ್ಟ್ಸ್ ಹತ್ತಿರ ಬೀಡು ಬಿಟ್ಟಿದ್ದ ಎಂದು ಹಂಗೇರಿಯ ಹಳೆಯ ವೃತ್ತಾಂತದಲ್ಲಿದೆ. ಲೆಕ್ಕ ಹಾಕಿ ನೋಡಿ. ನಾಣ್ಯದ ಒಡೆಯ ಹಾರಾಲ್ಡ್, ಈ ಶಾಲಮೋನನಿಗೆ ಚಿಕ್ಕಮ್ಮ ದೊಡ್ಡಮ್ಮನ ಕಡೆಯ ನೆಂಟ! ರಾಜನ ಪರಿವಾರದಲ್ಲಿದ್ದ ಯಾರದೋ ಕೈಯಿಂದ ಬಿದ್ದಿರಬಹುದು. ಎರಡರಲ್ಲಿ ಯಾವುದು ಎಂದು ಒಂದೇ ನಾಣ್ಯ ಹೇಳಲಾರದು.

ಹಾರಾಲ್ಡ್ ಸ್ವತಃ ತಿರುಗಾಡಿದವನು. ಹುಡುಗನಾಗಿದ್ದಾಗ 1030ರ ಯುದ್ಧದಲ್ಲಿ ಅಣ್ಣ ಸತ್ತ. ತಾನು ಕೀವ್‌ಗೆ ಓಡಿಹೋದ. ಅಲ್ಲಿಂದ ಕಾನ್‌ಸ್ಟಾಂಟಿನೋಪಲ್‌ಗೆ (ಈಗಿನ ಇಸ್ತಾಂಬುಲ್) ಹೋಗಿ ಬೈಜಾಂಟಿಯನ್ ಚಕ್ರವರ್ತಿಯ ಕಾವಲು ಪಡೆಯಲ್ಲಿ ದುಡಿದ. ಚಿನ್ನ ಕೂಡಿಸಿಕೊಂಡು ಊರಿಗೆ ಬಂದು ರಾಜನಾದ. 1066ರಲ್ಲಿ ಇಂಗ್ಲೆಂಡ್ ಗೆಲ್ಲಲು ಹೋಗಿ ಸ್ಟ್ಯಾಮ್‌ಫೋರ್ಡ್ ಬ್ರಿಜ್‌ನಲ್ಲಿ ಸತ್ತ.

ಇಷ್ಟು ಶೂರನ ನಾಣ್ಯ ಮಾತ್ರ ಒಳ್ಳೆಯದಲ್ಲ. ಅವನು ವರ್ಷ ಕಳೆದ ಹಾಗೆ ಬೆಳ್ಳಿಗೆ ತಾಮ್ರ ಬೆರೆಸುತ್ತಾ ಹೋದ. ಕೊನೆಗೆ ಬೆಳ್ಳಿ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಐಸ್‌ಲ್ಯಾಂಡಿನ ಹಳೆಯ ಕಥೆಯೊಂದಿದೆ. ಹಾಲ್‌ಡೋರ್ ಎಂಬ ಅವನ ಹಳೆಯ ಸಂಗಾತಿಗೆ ಸಂಬಳ ಎಣಿಸಿಕೊಟ್ಟರು. ಅವನು ನಾಣ್ಯಗಳನ್ನು ಮೇಲುಹೊದಿಕೆಯ ಸೆರಗಿನಲ್ಲಿ ಇಸಿದುಕೊಂಡ. ನೋಡಿದ. ಇದು ಚೊಕ್ಕ ಬೆಳ್ಳಿಯಲ್ಲ ಎಂದು ಗೊತ್ತಾಯಿತು. ಕೈಯಿಂದ ತಳ್ಳಿ ಎಲ್ಲವನ್ನೂ ನೆಲದ ಹುಲ್ಲಿಗೆ ಉದುರಿಸಿಬಿಟ್ಟ. ಕಥೆ ನಡೆದಿದ್ದೋ ಹೆಣೆದಿದ್ದೋ, ಆದರೆ ಜನಕ್ಕೆ ಆ ನಾಣ್ಯದ ಬಗ್ಗೆ ಏನನ್ನಿಸಿತ್ತು ಅನ್ನೋದು ಅದರಲ್ಲಿದೆ. ಲೋಹವನ್ನು ಇವತ್ತು ಪರೀಕ್ಷೆ ಮಾಡಿದರೂ ಅದೇ ಉತ್ತರ ಬರುತ್ತದೆ. ಊರಿನವರೇ ಬೇಡ ಎಂದ ನಾಣ್ಯವನ್ನು ಪರದೇಶದ ವರ್ತಕ ಯಾಕೆ ಮುಟ್ಟುತ್ತಾನೆ? ಅದಕ್ಕೇ ಹಂಗೇರಿಯದು ಒಂಟಿ ನಾಣ್ಯ. ಅದಕ್ಕೇ ಅದು ಅಷ್ಟು ಅಪರೂಪ.

ವೈಕಿಂಗರು ಅಷ್ಟೊಂದು ದೇಶ ಸುತ್ತಿದವರು. ಅವರ ನಾಣ್ಯ ಎಲ್ಲ ಕಡೆ ರಾಶಿ ರಾಶಿ ಸಿಗಬೇಕಿತ್ತು. ಯಾಕೆ ಒಂದೊಂದೇ ಸಿಗುತ್ತವೆ?
— ಇತಿಹಾಸ ವಿದ್ಯಾರ್ಥಿ, ಧಾರವಾಡ

ಯಾಕೆಂದರೆ ಅವರ ಒಳ್ಳೆಯ ಕಾಲದಲ್ಲಿ ಅವರಿಗೆ ಸ್ವಂತ ನಾಣ್ಯ ಇದ್ದಿದ್ದೇ ಕಡಿಮೆ. ಆಗಿನ ಡೆನ್ಮಾರ್ಕಿನ ರೀಬೆ, ಹೆಡೆಬಿ ಪೇಟೆಗಳಲ್ಲಿ ಸ್ವಲ್ಪ ಹೊಡೆಯುತ್ತಿದ್ದರು. ಉಳಿದದ್ದೆಲ್ಲ ಹೊರಗಿನ ಬೆಳ್ಳಿ. ಬೆಳ್ಳಿ ಅಲ್ಲಿಂದ ಹೊರಗೆ ಹೋಗಲಿಲ್ಲ, ಹೊರಗಿನಿಂದ ಒಳಗೆ ಹರಿಯಿತು.

ಗಾಟ್‌ಲ್ಯಾಂಡಿನಲ್ಲಿ ನಾನು ನೋಡಿದ್ದು ಸ್ಪಿಲ್ಲಿಂಗ್ಸ್ ಎಂಬ ತೋಟದಲ್ಲಿ 1999ರಲ್ಲಿ ಸಿಕ್ಕ ನಿಧಿ. 67 ಕಿಲೋ ಬೆಳ್ಳಿ. 14,295 ನಾಣ್ಯ. ಹೆಚ್ಚುಕಡಿಮೆ ಎಲ್ಲವೂ ಅರಬ್ಬರ ದಿರ್ಹಮ್. ಗಾಜಿನ ಹಿಂದೆ ಆ ರಾಶಿ ನೋಡುತ್ತಾ ನಿಂತಾಗ ಹುಂಡಿ ಸುರಿದ ಜಮಖಾನೆಯೇ ಕಣ್ಣಿಗೆ ಬಂತು. ಅದರಲ್ಲಿ ಬಳೆಗಳೂ ಇವೆ, ತುಂಡು ಮಾಡಿದ ಬೆಳ್ಳಿಯೂ ಇದೆ. ಅವರಿಗೆ ನಾಣ್ಯದ ಮೇಲಿನ ಬರಹ ಮುಖ್ಯ ಅಲ್ಲ. ತಕ್ಕಡಿಗೆ ಹಾಕಿ ತೂಗುತ್ತಿದ್ದರು. ಕಡಿಮೆ ಬಿದ್ದರೆ ನಾಣ್ಯವನ್ನೇ ಕತ್ತರಿಸಿ ತುಂಡು ಸೇರಿಸುತ್ತಿದ್ದರು. ಬೆಳ್ಳಿ ಚೊಕ್ಕವೇ ಎಂದು ಚಾಕುವಿನ ಮೊನೆಯಿಂದ ಗೀರಿ ನೋಡುತ್ತಿದ್ದರು. ಆ ಗೀರುಗಳು ಇವತ್ತಿಗೂ ನಾಣ್ಯಗಳ ಮೇಲೆ ಕಾಣುತ್ತವೆ.

ಮಧ್ಯ ಏಷ್ಯಾದಿಂದ ಬರುತ್ತಿದ್ದ ಈ ದಿರ್ಹಮ್ ಬೆಳ್ಳಿ ಕಡಿಮೆಯಾದ ಮೇಲೆ ಜರ್ಮನಿ, ಇಂಗ್ಲೆಂಡಿನ ಪೆನ್ನಿ ಎಂಬ ಬೆಳ್ಳಿ ನಾಣ್ಯಗಳು ಬಂದವು. ಇಂಗ್ಲೆಂಡಿನ ಎಥೆಲ್‌ರೆಡ್ ರಾಜ ವೈಕಿಂಗರಿಗೆ ಕಪ್ಪ ಕೊಟ್ಟೂ ಕೊಟ್ಟೂ ಸಾಕಾದವನು. ಅವನ ನಾಣ್ಯಗಳು ಇಂಗ್ಲೆಂಡಿಗಿಂತ ಸ್ಕ್ಯಾಂಡಿನೇವಿಯಾದಲ್ಲೇ ಜಾಸ್ತಿ ಸಿಕ್ಕಿವೆ. ಸುಮಾರು 995ರಲ್ಲಿ ಸ್ವೀಡನ್ನಿನ ರಾಜ ಓಲೋಫ್ ಸಿಗ್‌ಟೂನಾ ಪೇಟೆಯಲ್ಲಿ ತನ್ನ ಹೆಸರಿನ ನಾಣ್ಯ ಹೊಡೆಸಿದ. ಅದು ಎಥೆಲ್‌ರೆಡ್‌ನ ನಾಣ್ಯದ ನಕಲು. ಹೊಡೆದವನ ಹೆಸರು ಗಾಡ್‌ವಿನ್, ಅದೂ ಇಂಗ್ಲೆಂಡಿನ ಹೆಸರೇ.

ಇನ್ನೊಂದು ಕಾರಣ ಇದೆ. ಇಂಗ್ಲೆಂಡಿನಲ್ಲಿ ಪರದೇಶದ ನಾಣ್ಯ ಚಲಾವಣೆಗೆ ಬಿಡುತ್ತಿರಲಿಲ್ಲ. ಬಂದರಿನಲ್ಲಿ ಇಳಿದ ವರ್ತಕನ ನಾಣ್ಯ ಟಂಕಸಾಲೆಗೆ ಹೋಗಿ, ಕರಗಿ, ಇಂಗ್ಲಿಷ್ ಪೆನ್ನಿಯಾಗಿ ಹೊರಬರಬೇಕು. ಹಾಗೆ ಕರಗಿದ ಡೆನ್ಮಾರ್ಕಿನ, ನಾರ್ವೆಯ ನಾಣ್ಯಗಳನ್ನು ಈಗ ಯಾರೂ ಎಣಿಸಲಾರರು. ಹಾಗಾಗಿ ಇಂಗ್ಲೆಂಡಿನ ಹೊಲದಲ್ಲಿ ನಾರ್ವೆಯ ನಾಣ್ಯ ವಿರಳ ಎಂದರೆ ನಾರ್ವೆಯ ವ್ಯಾಪಾರ ವಿರಳ ಎಂದು ಬರೆಯಬೇಡಿ. ನಿಮ್ಮ ಪರೀಕ್ಷೆಗೂ ಇದು ಬೇಕಾಗಬಹುದು.

ಕೆಲವು ಸಲ ನಾಣ್ಯ ಹೋಗುವುದಿಲ್ಲ, ಅದರ ಚಿತ್ರ ಹೋಗುತ್ತದೆ. ಡೆನ್ಮಾರ್ಕಿನ ರಾಜ ಸ್ವೇನ್ ಎಸ್ಟ್ರಿಡ್‌ಸೆನ್ 11ನೇ ಶತಮಾನದಲ್ಲಿ ಲುಂಡ್ ಪೇಟೆಯಲ್ಲಿ ಹೊಡೆಸಿದ ಬೆಳ್ಳಿ ನಾಣ್ಯಗಳನ್ನು ನೋಡಿ. ಸಿಂಹಾಸನದ ಮೇಲೆ ಕೂತ ಕ್ರಿಸ್ತ, ನಿಂತ ಚಕ್ರವರ್ತಿ. ಎಲ್ಲವೂ ಕಾನ್‌ಸ್ಟಾಂಟಿನೋಪಲ್‌ನ ಚಿನ್ನದ ನಾಣ್ಯದ ಮಾದರಿ. ಆ ಚಿನ್ನವನ್ನು ಕೈಯಲ್ಲಿ ಹಿಡಿದು ನೋಡಿದವರು ಊರಿಗೆ ಮರಳಿದ್ದರು ಅನ್ನೋದಕ್ಕೆ ಇದಕ್ಕಿಂತ ಬೇರೆ ಬೇಕಾ?

ಒಂದೇ ನಾಣ್ಯ ಸಾಕ್ಷಿಯಲ್ಲ ಎಂದು ನೀವು ಹಿಂದೆಯೂ ಬರೆದಿದ್ದೀರಿ. ಹಾಗಾದರೆ ಯಾವಾಗ ಅದನ್ನು ವ್ಯಾಪಾರದ ಸಾಕ್ಷಿ ಎಂದು ಒಪ್ಪುತ್ತೀರಿ?
— ಅಂಚೆ ಇಲಾಖೆ ನೌಕರರು, ಚಿತ್ರದುರ್ಗ

ಒಂದೇ ಬಗೆಯ ನಾಣ್ಯ ಒಂದು ಸೀಮೆಯ ಹತ್ತಾರು ಕಡೆ, ಬೇರೆ ಬೇರೆ ಜನರ ಕೈಯಿಂದ ಬಿದ್ದದ್ದು ಸಿಕ್ಕಾಗ. ನಿಧಿಗಿಂತ ಬೀದಿಯಲ್ಲಿ ಬಿದ್ದ ಚಿಲ್ಲರೆಯ ಮಾತು ನನಗೆ ದೊಡ್ಡದು. ನಿಧಿ ಒಬ್ಬನ ಉಳಿತಾಯ. ಬಿದ್ದ ಚಿಲ್ಲರೆ ಊರಿನ ದಿನದ ವಹಿವಾಟು.

ಇದಕ್ಕೂ ಗಾಟ್‌ಲ್ಯಾಂಡೇ ಒಳ್ಳೆಯ ಉದಾಹರಣೆ. ಸುಮಾರು 1140ರಿಂದ ಅಲ್ಲಿ ಚಿಕ್ಕ, ತೆಳು ಬೆಳ್ಳಿ ನಾಣ್ಯ ಹೊಡೆಯಲು ಶುರು ಮಾಡಿದರು. ಅವು ಎಷ್ಟು ಹಗುರ ಎಂದರೆ ಗಾಜಿನ ಪೆಟ್ಟಿಗೆಯಲ್ಲಿ ನೋಡಿದಾಗ ಮೀನಿನ ಹುರುಪೆ ಹರಡಿದ ಹಾಗಿತ್ತು. ಈ ನಾಣ್ಯಗಳು ದ್ವೀಪ ದಾಟಿ ಪಕ್ಕದ ಓಲಾಂಡ್ ದ್ವೀಪಕ್ಕೆ, ಸ್ವೀಡನ್ನಿನ ಪೂರ್ವ ಭಾಗಕ್ಕೆ, ಬಾಲ್ಟಿಕ್ ಸಮುದ್ರದ ಆಚೆ ದಡದ ಎಸ್ಟೋನಿಯಾ, ಲಾಟ್ವಿಯಾಗಳಿಗೆ ಹೋಗಿವೆ. ಒಂದೆರಡಲ್ಲ. ಮತ್ತೆ ಮತ್ತೆ ಸಿಗುತ್ತವೆ.

ಇಲ್ಲಿ ಬರಹದ ಸಾಕ್ಷಿಯೂ ಜೊತೆಗಿದೆ. ಗಾಟ್‌ಲ್ಯಾಂಡಿನ ರೈತರೇ ಹಡಗು ಇಟ್ಟುಕೊಂಡ ವರ್ತಕರು. ಅವರಿಗೆ ರಷ್ಯಾದ ನವ್‌ಗೊರೊದ್ ಪಟ್ಟಣದಲ್ಲಿ ಸ್ವಂತ ಬಿಡದಿ ಇತ್ತು. ಅದರೊಳಗೆ ಸಂತ ಓಲಾಫನ ಚರ್ಚ್ ಇತ್ತು. 1161ರಲ್ಲಿ ಜರ್ಮನಿಯ ಡ್ಯೂಕ್ ಹೆನ್ರಿ ಅವರಿಗೆ ತನ್ನ ಸೀಮೆಯಲ್ಲಿ ವ್ಯಾಪಾರದ ಹಕ್ಕು ಬರೆದುಕೊಟ್ಟ. 1229ರಲ್ಲಿ ಸ್ಮೊಲೆನ್ಸ್ಕ್‌ನ ದೊರೆ ರೀಗಾ ಮತ್ತು ಗಾಟ್‌ಲ್ಯಾಂಡ್ ಜೊತೆ ಒಪ್ಪಂದ ಮಾಡಿಕೊಂಡ. ಕಾಗದವೂ ನಾಣ್ಯವೂ ಒಂದೇ ಮಾತು ಹೇಳಿದಾಗ ನನಗೆ ಪಾಸ್‌ಬುಕ್ಕು ಮತ್ತು ಲೆಡ್ಜರ್ ತಾಳೆಯಾದಷ್ಟು ನೆಮ್ಮದಿ. ಆಮೇಲೆ, 14ನೇ ಶತಮಾನದಲ್ಲಿ, ವಿಸ್‌ಬಿ ಪಟ್ಟಣ ಓರ್‌ಟುಗ್ ಎಂಬ ದೊಡ್ಡ ನಾಣ್ಯ ಹೊಡೆಯಿತು. ಅದರ ಮೇಲೆ ಬಾವುಟ ಹಿಡಿದ ಕುರಿಮರಿ. 1361ರಲ್ಲಿ ಡೆನ್ಮಾರ್ಕಿನ ರಾಜ ವಾಲ್ಡೆಮಾರ್ ದಂಡೆತ್ತಿ ಬಂದು ದ್ವೀಪವನ್ನು ಹಿಡಿದ. ಅವತ್ತು ಕೋಟೆಯ ಗೋಡೆಯ ಹೊರಗೆ ಸತ್ತ ರೈತರ ನೆನಪಿಗೆ ನೆಟ್ಟ ಕಲ್ಲಿನ ಶಿಲುಬೆ ಇನ್ನೂ ನಿಂತಿದೆ. ನಾನು ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ನೀವು ಚಿತ್ರದುರ್ಗದವರಾದ್ದರಿಂದ ಒಂದು ಮಾತು. ನಿಮ್ಮ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ದಿನಾರಿಯಸ್‌ಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ರೋಮ್‌ನವನು ಚಂದ್ರವಳ್ಳಿಗೆ ಬಂದ ಎಂದು ಅವು ಹೇಳುವುದಿಲ್ಲ. ಕರಾವಳಿಯ ಬಂದರಿನಿಂದ ಒಳನಾಡಿಗೆ ಬೆಳ್ಳಿ ಬರುವ ದಾರಿ ಇತ್ತು ಎಂದು ಹೇಳುತ್ತವೆ.

ನಾಣ್ಯವೇ ಸಿಗದ ಕಡೆ ವ್ಯಾಪಾರ ಇರಲಿಲ್ಲ ಅಂತಾನಾ?
— ಕಿರಾಣಿ ವ್ಯಾಪಾರಿ, ರಾಣೆಬೆನ್ನೂರು

ಅಲ್ಲವೇ ಅಲ್ಲ. ನಿಮ್ಮ ಅಂಗಡಿಯಲ್ಲೇ ನೋಡಿ. ಉದ್ರಿ ಪುಸ್ತಕದಲ್ಲಿ ನಡೆಯುವ ವ್ಯಾಪಾರ ಗಲ್ಲಾ ಪೆಟ್ಟಿಗೆಯಲ್ಲಿ ಕಾಣುತ್ತದಾ?

ಗ್ರೀನ್‌ಲ್ಯಾಂಡಿನ ನಾರ್ಸ್ ಜನ ಚರ್ಚಿಗೆ ಕೊಡಬೇಕಾದ ಹತ್ತರಲ್ಲೊಂದು ಪಾಲನ್ನು ಕೂಡ ದುಡ್ಡಿನಲ್ಲಿ ಕೊಡುತ್ತಿರಲಿಲ್ಲ. ಎತ್ತಿನ ಚರ್ಮ, ಸೀಲ್ ಚರ್ಮ, ವಾಲ್ರಸ್ ಎಂಬ ಕಡಲ ಪ್ರಾಣಿಯ ದಂತ ಕೊಡುತ್ತಿದ್ದರು. ಇವನ್ನು ಮಾರುವುದು ಕಷ್ಟ, ಬೆಳ್ಳಿಗೋ ಚಿನ್ನಕ್ಕೋ ಬದಲಾಯಿಸಿ ಕಳಿಸಿ ಎಂದು 1282ರಲ್ಲಿ ಪೋಪ್ ನಾರ್ವೆಯ ಆರ್ಚ್‌ಬಿಷಪ್‌ಗೆ ಪತ್ರ ಬರೆದಿದ್ದಾರೆ. ಅದೇ ದಂತ ಯುರೋಪಿನಲ್ಲಿ ಶಿಲುಬೆ, ಪೆಟ್ಟಿಗೆ, ಚದುರಂಗದ ಕಾಯಿಗಳಾಗಿ ಶ್ರೀಮಂತರ ಮನೆ ಸೇರುತ್ತಿತ್ತು. 2007ರಲ್ಲಿ ಕೀವ್‌ನಲ್ಲಿ ಅಗೆದಾಗ ವಾಲ್ರಸ್ ಮೂತಿಯ ಒಂಬತ್ತು ಎಲುಬು ಸಿಕ್ಕವು. 12ನೇ ಶತಮಾನದವು. ವಂಶವಾಹಿ ಪರೀಕ್ಷೆ ಮಾಡಿದಾಗ ಹೆಚ್ಚಿನವು ಗ್ರೀನ್‌ಲ್ಯಾಂಡ್ ಕಡೆಯ ಪ್ರಾಣಿಗಳವು ಎಂದು 2022ರಲ್ಲಿ ಗೊತ್ತಾಯಿತು. ಗ್ರೀನ್‌ಲ್ಯಾಂಡಿನಿಂದ ಕೀವ್‌ವರೆಗೆ! ಅದೇ ಕೀವ್, ಹಾರಾಲ್ಡ್‌ನ ಮಾವನ ಮನೆ ಇದ್ದ ಊರು.

ಕೆನಡಾದ ಮೇಲ್ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರ ಹಳೆಯ ಮನೆಗಳಲ್ಲಿ, ನಾರ್ಸ್ ಹಡಗಿನ ಮೊಳೆಗಳು, ಕಬ್ಬಿಣದ ಬಳೆ ಹೆಣೆದು ಮಾಡಿದ ಯುದ್ಧದ ಅಂಗಿಯ ಚೂರು ಸಿಕ್ಕಿವೆ. ಜೊತೆಗೆ ವರ್ತಕರ ಮಡಚುವ ತಕ್ಕಡಿಯ ಕಂಚಿನ ಕೋಲಿನ ತುಂಡು. ನಾಣ್ಯ ಇಲ್ಲ. ತಕ್ಕಡಿ ಇದೆ. ನಿಮಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವೀಡನ್ನಿನಲ್ಲಿ ಬುದ್ಧನ ವಿಗ್ರಹ ಸಿಕ್ಕಿದೆಯಂತೆ, ನಿಜವಾ?
— ಪದವಿ ವಿದ್ಯಾರ್ಥಿನಿ, ಮೈಸೂರು

ನಿಜ. 1950ರ ದಶಕದಲ್ಲಿ ಮೆಲಾರೆನ್ ಸರೋವರದ ಹೆಲ್ಗೋ ದ್ವೀಪದಲ್ಲಿ ಸಿಕ್ಕಿತು. ಈಗ ಸ್ಟಾಕ್‌ಹೋಮ್‌ನ ಇತಿಹಾಸ ಮ್ಯೂಸಿಯಂನಲ್ಲಿದೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಕಂಚಿನ ಬುದ್ಧ, ತಾವರೆಯ ಮೇಲೆ ಕೂತಿದ್ದಾನೆ. ಈಗ ಪಾಕಿಸ್ತಾನದಲ್ಲಿರುವ ಸ್ವಾತ್ ಕಣಿವೆಯ ಕಡೆಯ ಕೆಲಸ, ಸುಮಾರು 6ನೇ ಶತಮಾನದ್ದು ಎನ್ನುತ್ತಾರೆ. ಮಗಳೂ ನಾನೂ ಅದರ ಮುಂದೆ ನಿಂತಾಗ ನಮಗೆ ಮಾತೇ ಬರಲಿಲ್ಲ. ಆದರೆ ಸ್ವೀಡನ್ನಿನವನು ಸ್ವಾತ್‌ಗೆ ಬಂದು ಕೊಂಡುಹೋದ ಎಂದು ಹೇಳಲಾಗದು. ಹುಂಡಿಯ ದಿರ್ಹಮ್ ನೆನಪಿಟ್ಟುಕೊಳ್ಳಿ.

ಮನೆ ಪಾಯ ಅಗೆಯುವಾಗ ಹಳೆಯ ನಾಣ್ಯ ಸಿಕ್ಕಿದೆ. ಹುಣಸೆಹಣ್ಣು ಹಾಕಿ ತೊಳೆದು ಫೋಟೊ ಕಳಿಸಲಾ?
— ಹೆಸರು ಬೇಡ ಎಂದ ಓದುಗರು

ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣೂ ಬೇಡ, ಬೂದಿಯೂ ಬೇಡ, ಬ್ರಷ್ಷೂ ಬೇಡ. ಅದರ ಮೇಲಿನ ಮಣ್ಣೂ ಒಂದು ದಾಖಲೆ. ಮೇಯ್ನ್ ನಾಣ್ಯದ ಬಗ್ಗೆ ಇಷ್ಟು ವರ್ಷ ಜಗಳ ನಡೆದದ್ದು ನಾಣ್ಯ ನಕಲಿ ಎಂದಲ್ಲ, ಅದು ನಿಜವಾಗಿ ಅಲ್ಲೇ ಸಿಕ್ಕಿತಾ ಎಂದು. ಆದ್ದರಿಂದ ಎಲ್ಲಿ ಸಿಕ್ಕಿತು ಅನ್ನೋದನ್ನು ಇವತ್ತೇ ಬರೆದಿಡಿ. ಎಷ್ಟು ಅಡಿ ಆಳ, ಯಾವ ಮೂಲೆ, ಪಕ್ಕದಲ್ಲಿ ಮಡಕೆಯ ಚೂರು, ಇದ್ದಿಲು, ಎಲುಬು ಏನಾದರೂ ಇತ್ತಾ, ಅಗೆದವರು ಯಾರು. ಗುಂಡಿ ಮುಚ್ಚಿಲ್ಲ ಎಂದರೆ ಅದರ ಫೋಟೊ ತೆಗೆಯಿರಿ. ನಾಣ್ಯದ ಎರಡೂ ಮುಖದ ಫೋಟೊ ತೆಗೆಯುವಾಗ ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಡಿ. ಒಣ ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೆವರುತ್ತದೆ.

ನೆಲದಲ್ಲಿ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು ಕಾನೂನು ಹೇಳುತ್ತದೆ. ತಹಶೀಲ್ದಾರ್ ಕಚೇರಿಗೆ ಹೋಗಿ ಅರ್ಜಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ. ಆಮೇಲೆ ನನಗೆ ಫೋಟೊ ಕಳಿಸಿ. ಕಾಯುತ್ತಿರುತ್ತೇನೆ.